ಸತ್ತವನ ಹೆಸರಿನ ಓದು

ನನ್ನ ಮೊಮ್ಮಗಳು ಡಾಕ್ಟರಾಗಿದ್ದಾಳೆ. ಈ ಮಾತನ್ನು ನನ್ನ ಬಾಯಿಂದ ಕೇಳದ ಮನುಷ್ಯ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಉಳಿದಿಲ್ಲ. ತರಕಾರಿ ಗಾಡಿಯ ಭಯ್ಯಾನಿಗೆ ಹೇಳಿದೆ. ಅವನು ಒಂದು ನಿಂಬೆಹಣ್ಣು ಹೆಚ್ಚಿಗೆ ಹಾಕಿ, "ಬಾಬೂಜಿ, ಹೋದ ವಾರವೂ ಹೇಳಿದ್ದಿರಿ" ಎಂದ. ಪಿಂಚಣಿ ತರಲು ಹೋದಾಗ ಬ್ಯಾಂಕಿನ ಕಿಟಕಿಯಲ್ಲಿ ಹೇಳಿದೆ. ದೊಡ್ಡ ಪರೀಕ್ಷೆಗೆ ಓದಲು ಕರ್ನಾಟಕದಿಂದ ಬಂದ ಹುಡುಗರು ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ನನ್ನ ಸೊಸೆ ಅಡುಗೆ ಮಾಡುತ್ತಾಳೆ, ನಾನು ಬಡಿಸುತ್ತೇನೆ. ಅವರಿಗೂ ದಿನಾ ಹೇಳುತ್ತೇನೆ. "ತಾತ, ಮೊದಲು ಸಾರು ಹಾಕಿ, ಡಾಕ್ಟರ್ ವಿಷಯ ಮಜ್ಜಿಗೆಗೆ ಬಂದಾಗ ಹೇಳಿ" ಎಂದು ಒಬ್ಬ ತಮಾಷೆ ಮಾಡುತ್ತಾನೆ. ಮಾಡಲಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಮೊಮ್ಮಗಳು ಬಿಳಿ ಕೋಟು ಹಾಕಿಕೊಂಡು ಹೋಗುವುದನ್ನು ನೋಡಿದರೆ ನನಗೆ ಹಿಗ್ಗು ಎದೆಯಲ್ಲಿ ಹಿಡಿಸುವುದಿಲ್ಲ.

ಆದರೆ ಒಂದು ಸಂಗತಿಯನ್ನು ಯಾರಿಗೂ ಹೇಳಿಕೊಂಡು ತಿರುಗಿಲ್ಲ. ಆ ಓದು ಅವಳ ಕೈಗೆ ಬಂದಾಗ ಅದನ್ನು ಕಿತ್ತು ಬಿಸಾಡಲು ನಿಂತವನು ನಾನೇ. ಅದನ್ನು ಬರೆದಿಡಬೇಕು ಅನ್ನಿಸಿದೆ.

ನಾನು ಕೇಂದ್ರ ಸರ್ಕಾರದ ಒಂದು ಆಫೀಸಿನಲ್ಲಿ ಫೈಲು ಹೊರುವ ಚಪರಾಸಿಯಾಗಿದ್ದೆ. ಅದರ ಜೊತೆಗೆ ಇನ್ನೊಂದು ಕೆಲಸವಿತ್ತು. ದೆಹಲಿಯಲ್ಲಿದ್ದ ನಮ್ಮ ಕಡೆಯ ಆಫೀಸರುಗಳ ಮನೆಯಲ್ಲಿ ತಂದೆಯ ಶ್ರಾದ್ಧ, ತಾಯಿಯ ಶ್ರಾದ್ಧ ಬಂದರೆ ಸತ್ತವರ ಸ್ಥಾನದಲ್ಲಿ ಕೂತು ಉಣ್ಣಲು ಒಬ್ಬ ಬ್ರಾಹ್ಮಣ ಬೇಕು. ಈ ಊರಿನಲ್ಲಿ ಎಲ್ಲಿಂದ ತರುತ್ತಾರೆ? ನನ್ನನ್ನು ಕರೆಯುತ್ತಿದ್ದರು. ಆಫೀಸಿನಲ್ಲಿ ನನ್ನನ್ನು ಗಂಟೆ ಒತ್ತಿ ಕರೆಯುವ ಸಾಹೇಬರೇ ಆ ದಿನ ನನ್ನ ಕಾಲು ತೊಳೆದು ಮಣೆಯ ಮೇಲೆ ಕೂರಿಸುತ್ತಿದ್ದರು. ವಡೆ, ಎಳ್ಳುಂಡೆ, ಹಾಗಲಕಾಯಿ ಪಲ್ಯ. ಉಂಡಾದ ಮೇಲೆ ತೃಪ್ತಿಯಾಯಿತೇ ಎಂದು ಕೇಳುತ್ತಿದ್ದರು. ಆಯಿತು ಎಂದು ಅವರ ತಂದೆಯ ಪರವಾಗಿ ನಾನು ಹೇಳಬೇಕು. ಮರುದಿನ ಮತ್ತೆ ಗಂಟೆ.

ವರ್ಷದ ಶ್ರಾದ್ಧಕ್ಕೆ ಕೂರಲು ಹೆದರಿಕೆಯಿಲ್ಲ. ಸತ್ತ ಹನ್ನೊಂದನೇ ದಿನದ್ದೇ ಬೇರೆ. ಆ ದಿನ ಸತ್ತವನಿಗೆ ತಲುಪಲಿ ಎಂದು ಹಾಸಿಗೆ, ಛತ್ರಿ, ಚಪ್ಪಲಿ, ಚೊಂಬು ದಾನ ಕೊಡುತ್ತಾರೆ. ತೆಗೆದುಕೊಂಡವನಿಗೆ ಸತ್ತವನ ಪಾಪವೂ ಅಂಟುತ್ತದೆ, ಜಪ ಮಾಡಿ ಅದನ್ನು ಕಳೆದುಕೊಳ್ಳಬೇಕು ಎಂಬುದು ನಮ್ಮಲ್ಲಿನ ನಂಬಿಕೆ. ಅದಕ್ಕೇ ಬಲ್ಲವರು ಯಾರೂ ಒಪ್ಪುವುದಿಲ್ಲ. ಒಂದು ಸಲ ನಾನು ಒಪ್ಪಿದೆ. ಡಿಸೆಂಬರ್ ತಿಂಗಳು. ನಮ್ಮ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ ನನ್ನ ಮಗ ಗೋಣಿಚೀಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದ. ಹದಿನಾಲ್ಕು ವರ್ಷ, ಬಿಡದ ಕೆಮ್ಮು. ತೀರಿಹೋಗಿದ್ದ ಆ ದೊಡ್ಡ ಆಫೀಸರ ಮನೆಯಲ್ಲಿ ಹೊಸ ಹತ್ತಿಯ ಹಾಸಿಗೆ ಇಟ್ಟಿದ್ದರು, ಒಂದು ಗೇಣು ದಪ್ಪ. ಅದನ್ನು ನೋಡಿ ಸೋತೆ. ತಲೆಯ ಮೇಲೆ ಹೊತ್ತು ತಂದು ಮಗನಿಗೆ ಹಾಸಿಕೊಟ್ಟೆ. ಮರುದಿನ ಆಫೀಸಿತ್ತು. ಜಪಕ್ಕೆ ಕೂರಲಿಲ್ಲ. ಭಾನುವಾರ ಮಾಡಿದರಾಯಿತು ಎಂದುಕೊಂಡೆ. ಎಷ್ಟೋ ಭಾನುವಾರ ಬಂದುಹೋದವು.

ಅದು ಒಳ್ಳೆಯ ಹಾಸಿಗೆ. ಪ್ರತಿ ಚಳಿಗಾಲಕ್ಕೆ ಮುಂಚೆ ಹತ್ತಿ ಹೊಡೆಯುವವನು ಬೀದಿಗೆ ಬಂದಾಗ ಬಿಚ್ಚಿ ಹೊಡೆಸುತ್ತಿದ್ದೆವು. ಮಗನ ಕೆಮ್ಮು ನಿಂತಿತು. ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಮೂವತ್ಮೂರನೇ ವಯಸ್ಸಿನಲ್ಲಿ ಡೆಂಗಿ ಬಂತು. ಆ ವರ್ಷ ದೆಹಲಿಯ ಆಸ್ಪತ್ರೆಗಳಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು. ನನ್ನ ಮಗನಿಗೆ ಅದೂ ಸಿಗದೆ ವರಾಂಡದಲ್ಲಿ ಮಲಗಿಸಿದ್ದರು. ಮೂಗಿನಿಂದ ರಕ್ತ ಇಳಿಯುತ್ತಿತ್ತು, ನಾನು ಟವೆಲಿನಿಂದ ಒರೆಸುತ್ತಿದ್ದೆ. ಐದನೇ ದಿನ ಒರೆಸುವ ಕೆಲಸ ಮುಗಿಯಿತು. ಮನೆಗೆ ಬಂದಾಗ ನನ್ನ ಹೆಂಡತಿ ನನ್ನ ಕಡೆ ನೋಡಿ, "ಆ ಹಾಸಿಗೆ" ಎಂದಳು. ಅಷ್ಟೇ. ಎರಡು ವರ್ಷಕ್ಕೆ ಅವಳೂ ಹೋದಳು. ಅಲ್ಲಿಯವರೆಗೆ ಆ ಮಾತನ್ನು ಇನ್ನೊಮ್ಮೆ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು.

ಮಗ ಹೋದಾಗ ಮೊಮ್ಮಗಳು ಹನ್ನೊಂದರವಳು. ಅಪ್ಪನನ್ನು ಮಲಗಿಸಿದ್ದ ವರಾಂಡವನ್ನು ಅವಳು ನೋಡಿದ್ದಳು. ಡಾಕ್ಟರಾಗುತ್ತೇನೆ ಎಂದು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ, ಓದಿದಳು ಅಷ್ಟೇ. ಸರ್ಕಾರಿ ಕಾಲೇಜಿನ ಸೀಟು ಸ್ವಲ್ಪದರಲ್ಲಿ ತಪ್ಪಿತು. ಯಮುನೆಯಾಚೆ ಒಂದು ಟ್ರಸ್ಟಿನ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕಿತು. ಫೀಸು ಕೇಳಿ ಸೊಸೆ ಕೂತಲ್ಲೇ ಕೂತಳು. ಹದಿನೈದು ದಿನದ ಮೇಲೆ ಕಾಲೇಜಿನಿಂದ ಒಂದು ಕಾಗದ ಬಂತು. ಮೊಮ್ಮಗಳು ಓದುತ್ತಲೇ ಕುಣಿದಳು.

"ತಾತ, ಫೀಸ್ ಪೂರಾ ಮಾಫ್! ಹಾಸ್ಟೆಲ್ ಭೀ!"

"ಯಾರು ಕೊಡ್ತಾರಂತೆ?"

"ಓಲ್ಡ್ ಸ್ಟೂಡೆಂಟ್ಸ್. ಮೊದಲು ಓದಿ ಹೋದ ಡಾಕ್ಟರುಗಳೆಲ್ಲ ಸೇರಿ ದುಡ್ಡು ಹಾಕಿದಾರೆ. ಅದನ್ನ ಯಾರೂ ಖರ್ಚು ಮಾಡೋ ಹಾಗಿಲ್ಲ, ಬಡ್ಡಿ ಮಾತ್ರ ಕೊಡ್ತಾರೆ."

ನಮ್ಮ ಕಡೆ ದೇವಸ್ಥಾನಕ್ಕೆ, ಸಂಘಕ್ಕೆ ದತ್ತಿ ಇಡುತ್ತಾರಲ್ಲ, ಅಂಥದ್ದು ಎಂದು ತಿಳಿದುಕೊಂಡೆ. ನಾನೂ ಹಿಗ್ಗಿದೆ. ದೇವರ ಮುಂದೆ ದೀಪ ಹಚ್ಚಿದೆ. ಆಮೇಲೆ ಅವಳು ಉಳಿದದ್ದನ್ನು ಓದಿ ಹೇಳಿದಳು. ಅವರ ಜೊತೆ ಓದುತ್ತಿದ್ದ ಒಬ್ಬ ಹುಡುಗ ರೋಗಿಯ ಸೂಜಿ ಚುಚ್ಚಿಕೊಂಡು, ಕಾಮಾಲೆಯಾಗಿ, ಇಪ್ಪತ್ತಮೂರನೇ ವಯಸ್ಸಿಗೆ ತೀರಿಕೊಂಡಿದ್ದ. ಅವನ ನೆನಪಿಗೆ ಈ ದತ್ತಿ. ಪಡೆದವರನ್ನು ಓದು ಮುಗಿಯುವವರೆಗೆ ಆ ಹುಡುಗನ ಹೆಸರು ಸೇರಿಸಿಯೇ ಕರೆಯುತ್ತಾರಂತೆ. ಮನೆಯ ಆದಾಯ ನನ್ನ ಪಿಂಚಣಿಯ ಲೆಕ್ಕದಲ್ಲಿದ್ದುದರಿಂದ ನಾನು ಸಹಿ ಮಾಡಬೇಕು.

ಕಾಗದವನ್ನು ಅವಳ ಕಡೆಗೇ ತಳ್ಳಿದೆ. ಮತ್ತೆ ಸತ್ತವನ ದಾನ. ಈ ಸಲ ಹಾಸಿಗೆಯಲ್ಲ, ಅವನ ಹೆಸರೇ ಈ ಮಗುವಿನ ಮೈಮೇಲೆ. ಅದೂ ಅಕಾಲದಲ್ಲಿ ಸತ್ತವನದು.

"ನಾನು ಸಹಿ ಹಾಕೋದಿಲ್ಲ" ಎಂದೆ.

"ಯಾಕೆ ಮಾವ?" ಎಂದಳು ಸೊಸೆ.

"ಬೇಡ ಅಂದ್ರೆ ಬೇಡ."

"ಬೇಡ ಅಂತ ಹೇಳೋಕೆ ನಿಮ್ಮ ಹತ್ರ ಬೇರೆ ಏನಿದೆ ಇಟ್ಕೊಂಡಿರೋದು? ದಿನಕ್ಕೆ ನಲವತ್ತು ಜನಕ್ಕೆ ಚಪಾತಿ ಲಟ್ಟಿಸಿ ನನ್ನ ಭುಜ ಬಿದ್ದುಹೋಗಿದೆ. ಒಂದು ಸಹಿ ಹಾಕೋಕೆ ನಿಮಗೆ ಕೈ ನೋವಾ?"

ಮೊಮ್ಮಗಳು ಕಾಗದ ಮಡಿಚಿ ಪುಸ್ತಕದೊಳಗೆ ಇಟ್ಟಳು. ಅವಳು ಅತ್ತಿದ್ದರೆ ಚೆನ್ನಾಗಿತ್ತು.

ಎರಡು ದಿನ ಕಳೆದ ಮೇಲೆ ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಕಾಲೇಜಿಗೆ ಹೋದೆ. ದತ್ತಿಯ ಕೆಲಸ ನೋಡಿಕೊಳ್ಳುತ್ತಿದ್ದವರು ಒಬ್ಬ ಪಂಜಾಬಿ ಡಾಕ್ಟರಮ್ಮ. ಅಲ್ಲೇ ಓದಿ ಅಲ್ಲೇ ಕೆಲಸ ಮಾಡಿದವರು, ತಲೆ ಪೂರ್ತಿ ಬೆಳ್ಳಗಾಗಿತ್ತು. ನನಗೆ ಬರುವ ಹಿಂದಿಯಲ್ಲಿ ಕೇಳಿದೆ.

"ಮೇಡಂ, ಬದುಕಿರುವವರ ಹೆಸರಿನದು ಯಾವುದಾದರೂ ಇದೆಯೇ?"

"ಏನು ಹಾಗೆಂದರೆ?"

"ಈ ದತ್ತಿ ಸತ್ತವರದು. ಬದುಕಿರುವವರದು ಇದ್ದರೆ ಕೊಡಿ. ಸ್ವಲ್ಪ ಕಡಿಮೆಯಾದರೂ ಆಗುತ್ತದೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಬಾಬೂಜಿ, ಫೀಸಿನ ವಿಷಯಕ್ಕೆ ಬಂದು ಈ ಕುರ್ಚಿಯಲ್ಲಿ ಕೂತು ಜಾಸ್ತಿ ಕೊಡಿ ಎಂದವರನ್ನು ಬಹಳ ನೋಡಿದ್ದೇನೆ. ಕಡಿಮೆ ಕೊಡಿ ಎಂದವರು ನೀವೇ ಮೊದಲು."

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ, ಚಹಾ ತರಿಸಿದರು. ಏನಾಯಿತೋ ಗೊತ್ತಿಲ್ಲ, ಹೆಂಡತಿಯ ಹತ್ತಿರವೂ ಆಡದ ಮಾತನ್ನು ಆ ಗುರುತಿಲ್ಲದ ಹೆಂಗಸಿನ ಮುಂದೆ ಪೂರ್ತಿ ಆಡಿದೆ. ಹಾಸಿಗೆ, ಮಾಡದ ಜಪ, ವರಾಂಡ, ಟವೆಲು.

"ಡೆಂಗಿ ಸೊಳ್ಳೆಯಿಂದ ಬರುತ್ತದೆ. ಅದು ನಿಮಗೆ ಗೊತ್ತಲ್ಲವೇ?" ಎಂದರು.

"ಗೊತ್ತು ಮೇಡಂ. ಆದರೂ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಆ ಹುಡುಗ ನನ್ನ ಕ್ಲಾಸಿನವನು. ಅವನಿಗೆ ಸೂಜಿ ಚುಚ್ಚಿದ ದಿನ ವಾರ್ಡಿನಲ್ಲಿ ರಕ್ತ ತೆಗೆಯುವ ಸರದಿ ನನ್ನದು. ಅಣ್ಣನ ನಿಶ್ಚಿತಾರ್ಥ ಎಂದು ನಾನು ಊರಿಗೆ ಹೋದೆ. ನನ್ನ ಬದಲು ಅವನು ಹೋದ. ಸೂಜಿಯಿಂದ ಬಂತು ಎಂದು ನನಗೂ ಗೊತ್ತು. ಆದರೂ." ಹೊರಗೆ ಯಾರೋ ಅವರನ್ನು ಕರೆದರು. ಎದ್ದು ನಿಂತು ಹೇಳಿದರು. "ಇಪ್ಪತ್ತೈದು ವರ್ಷ ಒಬ್ಬೊಬ್ಬರಿಗೂ ಕಾಗದ ಬರೆದು, ಫೋನು ಮಾಡಿ, ಬೈಸಿಕೊಂಡು ಈ ಹಣ ಕೂಡಿಸಿದೆವು. ಈ ವರ್ಷವೇ ಮೊದಲನೆಯದು ಕೊಡುತ್ತಿರುವುದು. ಶುಕ್ರವಾರದೊಳಗೆ ಸಹಿ ಬರದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ."

ಅದು ಬುಧವಾರ. ಮನೆಗೆ ಬಂದಾಗ ಸೊಸೆ ಹಿಟ್ಟು ನಾದುತ್ತಿದ್ದಳು.

"ಎಲ್ಲಿಗೆ ಹೋಗಿದ್ರಿ ಮಾವ? ಹುಡುಗರಿಗೆ ಬಡಿಸೋರಿಲ್ಲದೆ ನಾನೇ ಓಡಾಡಿದೆ."

ಒಂದು ಸಲ ಬಾಯಿಗೆ ಬಂದ ಮಾತು ಎರಡನೇ ಸಲಕ್ಕೆ ಕಾಯಲಿಲ್ಲ. ಅವಳಿಗೂ ಎಲ್ಲವನ್ನೂ ಹೇಳಿದೆ. ನಿನ್ನ ಗಂಡ ನನ್ನಿಂದ ಹೋದ ಎಂದೆ. ಅವಳ ಕೈ ಹಿಟ್ಟಿನೊಳಗೇ ನಿಂತಿತು. ಕೂಗಾಡಲಿ ಎಂದು ಕಾದೆ.

"ಆ ಹಾಸಿಗೆ ಮೇಲೆ ನಾನೂ ಹನ್ನೆರಡು ವರ್ಷ ಮಲಗಿದೀನಿ ಮಾವ" ಎಂದಳು. "ಇವಳೂ ಹೆರಿಗೆ ಆಸ್ಪತ್ರೆಯಿಂದ ಬಂದು ಮಲಗಿದ್ದು ಅದರ ಮೇಲೇ. ನಾವಿಬ್ಬರೂ ಇದೀವಲ್ಲ. ನಮ್ಮನ್ನ ಯಾಕೆ ಬಿಡ್ತು ಅದು? ಅದನ್ನ ಯಾವತ್ತಾದ್ರೂ ಯೋಚನೆ ಮಾಡಿದ್ರಾ?"

ಯೋಚಿಸಿರಲಿಲ್ಲ. ಇಷ್ಟು ವರ್ಷ ಒಬ್ಬ ಸತ್ತದ್ದನ್ನೇ ನೋಡುತ್ತಾ ಕೂತಿದ್ದೆ. ಅದೇ ಹಾಸಿಗೆಯ ಮೇಲಿದ್ದ ಇನ್ನಿಬ್ಬರು ನನ್ನ ಕಣ್ಣೆದುರಿಗೇ ಓಡಾಡುತ್ತಿದ್ದರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬಾಗಿಲ ಹತ್ತಿರ ಮೊಮ್ಮಗಳು ನಿಂತಿದ್ದಳು. ಯಾವಾಗ ಬಂದಿದ್ದಳೋ. ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು.

"ತಾತ, ಅಲ್ಲಿ ಮೊದಲ ವರ್ಷ ಪೂರಾ ಸತ್ತವರ ದೇಹ ಕೊಯ್ದು ಕಲೀಬೇಕು. ಅವರೂ ದಾನ ಕೊಟ್ಟವರೇ. ಅದೂ ಬೇಡ ಅಂತೀರಾ? ಹಾಗಾದ್ರೆ ಯಾರೂ ಡಾಕ್ಟರ್ ಆಗೋ ಹಾಗೇ ಇಲ್ಲ. ಪಪ್ಪನ್ನ ನೋಡೋಕೆ ಅವತ್ತು ಇದ್ದ ಇಬ್ಬರು ಡಾಕ್ಟರೂ ಇರ್ತಿರಲಿಲ್ಲ."

ನನ್ನ ಹೆದರಿಕೆ ಹೋಗಲಿಲ್ಲ. ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೊಂಡೇ ಪೆನ್ನು ಕೇಳಿದೆ. ಸಹಿ ಗೆರೆಯಿಂದ ಕೆಳಗಿಳಿಯಿತು. "ಚಲೇಗಾ ತಾತ, ನಡೆಯುತ್ತೆ" ಎಂದು ಕಾಗದವನ್ನು ಕಿತ್ತುಕೊಂಡು, ಶಾಯಿ ಆರಲು ಊದುತ್ತಲೇ ಅವಳು ಹೊರಗೋಡಿದಳು.

ಆ ವರ್ಷ ದತ್ತಿಯವರು ಒಂದು ಸಣ್ಣ ಸಭೆ ಮಾಡಿದರು. ಬೇರೆ ಬೇರೆ ದೇಶಗಳಿಂದ ಬಂದ ಹಳೆಯ ವಿದ್ಯಾರ್ಥಿಗಳು ಸೂಟು ಹಾಕಿಕೊಂಡು ಕೂತಿದ್ದರು. ಸತ್ತ ಹುಡುಗನ ಹೆಸರು ಸೇರಿಸಿ ಮೊಮ್ಮಗಳನ್ನು ಕರೆದಾಗ ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬರು ಎದ್ದರು. ಆ ಹುಡುಗನ ತಾಯಿ. ಕೋಲೂರಿಕೊಂಡು ಬಂದು ನನ್ನ ಮೊಮ್ಮಗಳ ಮಣಿಕಟ್ಟು ಹಿಡಿದು, "ಮೆಸ್ಸಿನಲ್ಲಿ ಊಟ ಸರಿಯಾಗಿ ಮಾಡುತ್ತೀಯಾ ಮಗು? ಅವನು ಮಾಡುತ್ತಿರಲಿಲ್ಲ" ಎಂದು ಕೇಳಿದರು. ಕೊಟ್ಟು ಹಗುರಾದವರ ಮುಖ ನನಗೆ ಗೊತ್ತು. ಎಷ್ಟು ಮನೆಗಳಲ್ಲಿ ನೋಡಿಲ್ಲ! ದಾನದ ಸಾಮಾನು ಬಾಗಿಲು ದಾಟುತ್ತಿದ್ದ ಹಾಗೇ ಮನೆಯವರು ಉಸಿರು ಬಿಡುತ್ತಾರೆ. ಈ ತಾಯಿಯ ಮುಖದಲ್ಲಿ ಅದಿರಲಿಲ್ಲ. ಅವರು ನಮಗೆ ಏನನ್ನೂ ದಾಟಿಸಿರಲಿಲ್ಲ. ಭಾರವೆಲ್ಲ ಅವರ ಹತ್ತಿರವೇ ಇತ್ತು.

ಈಗ ಮೊಮ್ಮಗಳು ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ಜ್ವರದ ವಾರ್ಡಿನಲ್ಲಿದ್ದಾಳೆ. ಮೊದಲ ಸಂಬಳದಲ್ಲಿ ಸ್ವಲ್ಪವನ್ನು ದತ್ತಿಗೆ ಸೇರಿಸಿ ಬಂದಳು. ಹಳೆಯ ವಿದ್ಯಾರ್ಥಿಗಳ ಪುಸ್ತಕದಲ್ಲಿ ಅವಳ ಹೆಸರು ಹತ್ತಿದೆ, ಅವಳದೇ ಹೆಸರು. ನೋಡಿ ಬಂದೆ. ಬೆರಳಿಟ್ಟು ಎರಡು ಸಲ ಓದಿದೆ. ಆದರೂ ಮಳೆ ನಿಂತು ಸೊಳ್ಳೆಗಳು ಏಳುವ ಕಾಲಕ್ಕೆ ನನಗೆ ಊಟ ಸೇರುವುದಿಲ್ಲ. ಅವಳು ಒಂದು ಸಲ ಸೀನಿದರೆ ಹಣೆ ಮುಟ್ಟಿ ನೋಡುತ್ತೇನೆ. ದಿನಾ ಮಧ್ಯಾಹ್ನ ಅವಳ ಊಟದ ಹೊತ್ತಿಗೆ ಫೋನು ಮಾಡುತ್ತೇನೆ. ನಿನ್ನೆಯೂ ಮಾಡಿದೆ.

"ಜ್ವರ ಗಿರ ಇಲ್ಲ ತಾನೇ ಪುಟ್ಟೀ?"

"ನನಗಿಲ್ಲ ತಾತ. ವಾರ್ಡ್ ಫುಲ್ ಇದೆ. ವರಾಂಡದಲ್ಲೂ ಹಾಕಿದೀವಿ. ಇವತ್ತು ಮೂರು ಜನ ಮನೆಗೆ ಹೋದ್ರು, ನಡ್ಕೊಂಡೇ ಹೋದ್ರು."

"ಉಳಿದವರು?"

"ತಾತ, ಕೆಲಸ ಇದೆ. ಫೋನ್ ಇಡಿ."

ಇಟ್ಟೆ. ಮೂರು ಜನ ನಡೆದುಕೊಂಡು ಹೋದರಂತೆ ಎಂದು ಸೊಸೆಗೆ ಹೇಳಿದೆ. ಉಳಿದವರ ವಿಷಯ ಅವಳು ಕೇಳಲಿಲ್ಲ.