ಟಿಕ್ ಹಾಕಿದ ಪಟ್ಟಿ

ನನಗೆ ಎಂಥ ಲ್ಯಾಪ್‌ಟಾಪ್ ಬೇಕು ಅನ್ನುವುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಎಲ್ಲರೂ "ಪಾಪ, ನಿಮಗೆ ಗೊತ್ತಾಗಿಲ್ಲ ಬಿಡಿ" ಎಂದು ಸಮಾಧಾನ ಮಾಡಲು ಬಂದರು.

ಇಪ್ಪತ್ತು ವರ್ಷ ವಿಜಯನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ವಕೀಲರಿಗೆ ಕನ್ನಡ ಟೈಪಿಂಗ್ ಮಾಡಿಕೊಟ್ಟವಳು ನಾನು. ಹೆಚ್ಚಿನವು ಆಸ್ತಿ ಪಾಲಿನ ದಾವೆಗಳು. ಮಲ್ಲತ್ತಹಳ್ಳಿ, ಕೆಂಗೇರಿ ಕಡೆಯ ಹೊಲಗಳು ಸೈಟುಗಳಾದ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಂಡು ಖಾತೆ ಮಾಡಿಸಿಕೊಂಡ ಕಥೆಗಳು. ಸರ್ವೆ ನಂಬರು, ಎಕರೆ, ಗುಂಟೆ ಎಂದು ಬೆರಳು ಓಡಿಸುತ್ತಾ, ಓದುಬರಹ ಬಲ್ಲ ಹೆಂಗಸರು ಇಷ್ಟು ಪೆದ್ದರಾಗುವುದು ಹೇಗಪ್ಪಾ ಅಂದುಕೊಳ್ಳುತ್ತಿದ್ದೆ.

ಆ ಅಂಗಡಿ ಮುಚ್ಚಿತು. ಅದೇ ವರ್ಷ ನನ್ನ ಬಲಗಣ್ಣಿಗೆ ಪೊರೆ ಆಪರೇಷನ್ ಆಯಿತು. ಹಳೇ ಪರಿಚಯದ ವಕೀಲರೊಬ್ಬರು ಫೋನ್ ಮಾಡಿ, "ಮನೇಲೇ ಕೂತು ಮಾಡ್ಕೊಡಿ ಮೇಡಂ, ಆದ್ರೆ ನಿಮ್ದೇ ಒಂದು ಲ್ಯಾಪ್‌ಟಾಪ್ ಇರ್ಬೇಕು. ಶ್ರಾವಣದವರೆಗೂ ಕಾಯ್ತೀನಿ, ಆಮೇಲೆ ಬೇರೆಯವ್ರನ್ನ ನೋಡ್ಕೋಬೇಕಾಗತ್ತೆ" ಅಂದರು. ಐವತ್ತೆರಡನೇ ವಯಸ್ಸಿನಲ್ಲಿ ಇದು ಕೈತಪ್ಪಿದರೆ ನನ್ನನ್ನು ಕರೆದು ಕೆಲಸ ಕೊಡುವವರು ಇನ್ಯಾರೂ ಇರಲಿಲ್ಲ.

ಹಾಗಾಗಿ ಹಳೆಯ ಮದುವೆ ಕಾರ್ಡೊಂದರ ಹಿಂದೆ ಪಟ್ಟಿ ಬರೆದೆ. ಪರದೆ ದೊಡ್ಡದಿರಬೇಕು. ಕನ್ನಡಿಯ ಹಾಗೆ ಹೊಳೆಯಬಾರದು, ಕಣ್ಣು ಚುಚ್ಚುತ್ತದೆ. ಬಲಗಡೆ ಅಂಕಿಗಳದೇ ಬೇರೆ ಕೀಗಳಿರಬೇಕು. ಕೀ ಒತ್ತಿದ್ದು ಬೆರಳಿಗೆ ತಿಳಿಯಬೇಕು. ಹಳೇ ಕನ್ನಡ ಫೈಲುಗಳು ತೆರೆಯಬೇಕು. ತೂಕ ಎಷ್ಟಾದರೂ ಇರಲಿ, ನಾನೇನು ಹೊತ್ತುಕೊಂಡು ತಿರುಗುವುದಿಲ್ಲ.

ಇಷ್ಟು ಗೊತ್ತಿದ್ದವಳು ನೆಟ್ಟಗೆ ಅಂಗಡಿಗೆ ಹೋಗಬೇಕಿತ್ತು. ಆದರೆ ನಮ್ಮ ಮನೆಗಳಲ್ಲಿ ಬೇಕಾದವರು ಹೋಗಿ ಕೊಳ್ಳುವ ಪದ್ಧತಿಯಿಲ್ಲ, "ಗೊತ್ತಿರೋರು" ಕೊಡಿಸಬೇಕು. ಪ್ರತಿ ಮನೆತನಕ್ಕೂ ಚಿನ್ನಕ್ಕೊಬ್ಬರು, ಸೈಟಿಗೊಬ್ಬರು ಇರುತ್ತಾರೆ. ಕಂಪ್ಯೂಟರಿಗೆ ನಮ್ಮಲ್ಲಿ ಇದ್ದವನು ನನ್ನ ತಮ್ಮ. ಕೆಂಗೇರಿ ಉಪನಗರದಲ್ಲಿ ಅವನ ಮನೆ.

"ನೀನ್ಯಾಕಕ್ಕ ಅಂಗಡಿ ಅಂಗಡಿ ಸುತ್ತುತೀಯ? ನಿನ್ನ ನೋಡಿದ ತಕ್ಷಣ ಟೋಪಿ ಹಾಕ್ತಾರೆ. ನಾನಿಲ್ವಾ?" ಅಂದ. ಕೂಡಿಟ್ಟ ಹಣವನ್ನೂ ಪಟ್ಟಿಯನ್ನೂ ಅವನ ಕೈಗೆ ಕೊಟ್ಟೆ. ಅವನು ಪಟ್ಟಿ ಓದಿ, "ದಾವೆ ಬರ್ದಂಗಿದೆ ಕಣಕ್ಕ" ಎಂದು ನಕ್ಕು ಜೇಬಿಗಿಟ್ಟುಕೊಂಡ.

ವಾರದಲ್ಲಿ ಡಬ್ಬ ಬಂತು. ಸುತ್ತ ಕಂದು ಬಣ್ಣದ ಟೇಪು. ಅಂಗಡಿಯಲ್ಲೇ ಚೆಕ್ ಮಾಡಿಸಿ ಮತ್ತೆ ಪ್ಯಾಕ್ ಮಾಡಿಸಿದೆ ಅಂದ. ನಾನು ಆಸೆಯಿಂದ ಚಾಕು ತಂದರೆ ನನ್ನ ಕೈ ಹಿಡಿದ.

"ಆಷಾಢ ಕಣಕ್ಕ. ಹೊಸ ವಸ್ತು ಬಿಚ್ತಾರಾ? ಅಮ್ಮ ಇದ್ದಿದ್ರೆ ಬೈತಿದ್ಳು. ಶ್ರಾವಣದ ಮೊದಲ್ನೇ ಶುಕ್ರವಾರ ಪೂಜೆ ಮಾಡಿ ತೆಗಿ."

ಅಮ್ಮನ ಹೆಸರು ಬಂದ ಮೇಲೆ ನನ್ನದು ಮುಗಿಯಿತು. ಡಬ್ಬವನ್ನು ದೇವರಮನೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದೆ. ಶ್ರಾವಣ ಬರುವ ತನಕ ದಿನವೂ ದೇವರಿಗೆ ಬೆಳಗಿದ ಊದುಬತ್ತಿಯನ್ನು ಅದಕ್ಕೂ ಒಂದು ಸುತ್ತು ತೋರಿಸಿದೆ. ಇದೇ ಮಹಾನುಭಾವ ಹೋದ ವರ್ಷ ಡಿಸ್ಕೌಂಟ್ ಇದೆಯೆಂದು ಆಷಾಢದಲ್ಲೇ ಸ್ಕೂಟರ್ ತಂದಿದ್ದ. ಅದು ನೆನಪಾಗಲಿಲ್ಲವೆಂದಲ್ಲ, ನೆನಪಾದದ್ದನ್ನು ನಾನೇ ಪಕ್ಕಕ್ಕೆ ಸರಿಸಿದೆ.

ಶುಕ್ರವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಡಬ್ಬ ಬಿಚ್ಚಿದೆ. ಊಟದ ತಟ್ಟೆಯಷ್ಟಿದ್ದ ತೆಳ್ಳನೆಯ ಯಂತ್ರ. ಪರದೆಯಲ್ಲಿ ನನ್ನ ಕುಂಕುಮ ನನಗೇ ಕಾಣುವಷ್ಟು ಹೊಳಪು. ಅಂಕಿಗಳಿಗೆ ಬೇರೆ ಕೀ ಇಲ್ಲ. ಕೀಗಳ ಮೇಲೆ ಯಾರದೋ ಬೆರಳು ಆಡಿದ ನುಣುಪು, ಮುಚ್ಚಳದ ಮೇಲೆ ಸ್ಟಿಕ್ಕರ್ ಕಿತ್ತ ಅಂಟು.

ಫೋನ್ ಮಾಡಿದೆ. "ಈಗೆಲ್ಲಾ ಇಂಥವೇ ಅಕ್ಕ ಬರೋದು. ಅಂಟು ಗಿಂಟು ಡಿಸ್‌ಪ್ಲೇಗೆ ಇಟ್ಟಿದ್ದಿರ್ಬೇಕು. ಹತ್ತು ದಿನದೊಳಗೆ ಹೇಳಿದ್ರೆ ಬದಲಾಯ್ಸಿ ಕೊಡ್ತಿದ್ರು. ಒಂದ್ಸಲ ಬಿಚ್ಚಿ ನೋಡ್ಬಾರ್ದಿತ್ತಾ?" ಅಂದ.

"ಹೌದು ಕಣೋ, ನಂದೇ ತಪ್ಪು" ಅಂದೆ. ಹಾಗೆ ಅಂದದ್ದಕ್ಕೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಇದ್ದುದರಲ್ಲೇ ಕೆಲಸ ಶುರು ಮಾಡಿದೆ. ಕಣ್ಣಿಗೆ ಕಾಣುವಷ್ಟು ಅಕ್ಷರ ದೊಡ್ಡದು ಮಾಡಿದರೆ ಪರದೆಯಲ್ಲಿ ಆರೇ ಸಾಲು ನಿಲ್ಲುತ್ತಿದ್ದವು. ಮೂರನೇ ದಾವೆಯಲ್ಲಿ ಒಂದು ಸರ್ವೆ ನಂಬರಿನಲ್ಲಿ ಏಳರ ಬದಲು ಒಂದು ಬಿತ್ತು. ಇಪ್ಪತ್ತು ವರ್ಷದಲ್ಲಿ ನಂಬರು ತಪ್ಪಿಸಿದವಳಲ್ಲ ನಾನು. ವಕೀಲರು ಬೈಯಲಿಲ್ಲ. "ಕಣ್ಣು ನೋಡ್ಕೊಳಿ ಮೇಡಂ, ಸ್ವಲ್ಪ ದಿನ ರೆಸ್ಟ್ ತಗೊಳಿ" ಅಂದರು. ಆಮೇಲೆ ಅವರಿಂದ ಫೋನ್ ಬರಲಿಲ್ಲ.

ಶ್ರಾವಣದ ಕೊನೆಗೆ ಚಕ್ಕುಲಿ ಕೊಡಲೆಂದು ತಮ್ಮನ ಮನೆಗೆ ಹೋದೆ. ಅವನು ಆಫೀಸಿನಲ್ಲಿದ್ದ. ಆ ವರ್ಷ ಇಂಜಿನಿಯರಿಂಗ್ ಸೇರಿದ್ದ ಅವನ ಮಗಳು ಹಾಲ್‌ನಲ್ಲಿ ಓದುತ್ತಾ ಕೂತಿದ್ದಳು. ಮುಂದೆ ಅಗಲವಾದ ಲ್ಯಾಪ್‌ಟಾಪ್, ಹೊಳೆಯದ ಪರದೆ, ಬಲಗಡೆ ಅಂಕಿಗಳ ಸಾಲು.

"ಹೊಸದು ಅತ್ತೆ! ಆಷಾಢದಲ್ಲೇ ಅಪ್ಪ ಕೊಡ್ಸಿದ್ರು. ನನ್ನ ಹಳೇದು ತುಂಬಾ ಪುಟ್ಟದಿತ್ತು, ಅದನ್ನ ಯಾರಿಗೋ ಕೊಟ್ಬಿಟ್ರಂತೆ. ಆದ್ರೆ ಇದು ತುಂಬಾ ಭಾರ, ಕಾಲೇಜಿಗೆ ತಗೊಂಡ್ ಹೋಗಕ್ಕಾಗಲ್ಲ."

ಅವಳಿಗೆ ಏನೂ ತಿಳಿದಿರಲಿಲ್ಲ. ಅದರ ಜೊತೆ ಬಂದ ಬ್ಯಾಗು ತೋರಿಸಲು ಖುಷಿಯಿಂದ ಅಟ್ಟದ ಮೇಲಿನ ಡಬ್ಬ ಇಳಿಸಿದಳು. ಬ್ಯಾಗಿನ ಜೊತೆ ನಾನು ಪಟ್ಟಿ ಬರೆದುಕೊಟ್ಟಿದ್ದ ಮದುವೆ ಕಾರ್ಡೂ ಈಚೆ ಬಂತು. ನನ್ನದೇ ದುಂಡನೆಯ ಅಕ್ಷರ. ಪ್ರತಿ ಸಾಲಿನ ಮುಂದೆಯೂ ನೀಲಿ ಪೆನ್ನಿನಲ್ಲಿ ಟಿಕ್. ತೂಕದ ಸಾಲಿಗೂ ಹಾಕಿದ್ದ. ಅವನಿಗೆ ತಿಳಿಯದೆ ಆಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ನಿಂತು ಒಂದೊಂದನ್ನೂ ಓದಿ, ನನಗೆ ಬೇಕಾದ್ದನ್ನೇ ಹುಡುಕಿ ಆರಿಸಿದ್ದ.

ಹುಡುಗಿಗೆ ಏನೂ ಹೇಳದೆ ಕಾರ್ಡನ್ನು ಪರ್ಸಿಗೆ ಹಾಕಿಕೊಂಡು ಬಂದೆ.

ಗೌರಿ ಹಬ್ಬಕ್ಕೆ ಅವನು ಎಂದಿನಂತೆ ತವರಿನ ಬಾಗಿನ ತಂದ. ಅರಿಶಿನ ಹಚ್ಚಿದ ಜೋಡಿ ಮೊರ, ಬಳೆ, ಬೇಳೆ, ಬೆಲ್ಲ, ಯಾವುದಕ್ಕೂ ಕಡಿಮೆಯಿಲ್ಲ. ಸೆರಗೊಡ್ಡಿ ತೆಗೆದುಕೊಂಡೆ. ಬಾಗಿನ ತಂದ ತಮ್ಮನನ್ನು ಬರಿಗೈಯಲ್ಲಿ ಕಳಿಸಬಾರದು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು, ಮೇಲೆ ಆ ಕಾರ್ಡನ್ನೂ ಇಟ್ಟು ಅವನ ಮುಂದೆ ಹಿಡಿದೆ.

ನೋಡಿದ.

"ನಿನಗೆ ಅಂತಾನೇ ತಂದಿದ್ದು ಕಣಕ್ಕ" ಅಂದ. "ಮಗಳು ನೋಡಿ ಆಸೆಪಟ್ಟಳು."

"ಕೇಳಿದ್ರೆ ನಾನೇ ಕೊಡ್ತಿದ್ನೇನೋ. ಅಮ್ಮನ್ನ ಯಾಕೋ ಮಧ್ಯೆ ತಂದೆ?"

ಅವನು ತೆಂಗಿನಕಾಯಿ ತೆಗೆದುಕೊಂಡ, ಎಲೆ ಅಡಿಕೆ ತೆಗೆದುಕೊಂಡ, ಕಣ್ಣಿಗೊತ್ತಿಕೊಂಡು ಚಪ್ಪಲಿ ಮೆಟ್ಟಿದ. ಪಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಹೋದ.