ಧರಣಿಯ ದಿನ ಗುಡಿಸಿದ ಕಸ

ಊರು ಬಿಟ್ಟು ಗಡಿಯಾಚೆಯ ಮಂಗೋರ್ ಹಿಲ್‌ನಲ್ಲಿ ನೆಲೆಸಿದ ಫಕೀರವ್ವ ಇಪ್ಪತ್ತೆರಡು ವರ್ಷಗಳಿಂದ ಮೊದಲ ಬಸ್ಸು ಹಿಡಿದು ಹೋಗಿ ಪಕ್ಕದೂರಿನ ಪುರಸಭೆಯ ಬೀದಿ ಗುಡಿಸುತ್ತಿದ್ದಾಳೆ. ಬಾಕಿ ಪಗಾರ ಕೇಳಿ ಕೇಳಿ ಸಾಕಾಗಿ ಯೂನಿಯನ್‌ನವರು ಕೆಲಸ ನಿಲ್ಲಿಸಿ, ಪುರಸಭೆಯ ಬಾಗಿಲಲ್ಲಿ ಧರಣಿ ಹೂಡಿದರು. ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದ ಫಕೀರವ್ವನಿಗೆ ಅಲ್ಲಿ ಬಿದ್ದಿದ್ದ ಕಸದಲ್ಲಿ ಕೂರಲು ಮನಸ್ಸಾಗಲಿಲ್ಲ. ಅಂಗಳ ಗುಡಿಸಿ, ಕಸವನ್ನು ಚೀಲಕ್ಕೆ ತುಂಬಿ, ಚಾಪೆ ಹಾಸಿದಳು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದವಳು ಗುಡಿಸುತ್ತಿರುವ ಫೋಟೋ ಅಂದು ಪುರಸಭೆಯ ಅಧಿಕಾರಿಯ ಮೊಬೈಲಿನಲ್ಲಿತ್ತು.

ಎಲ್ಲರನ್ನೂ ಮಾತುಕತೆಗೆ ಒಳಗೆ ಕರೆದ ಆತ ಅದನ್ನೇ ತೋರಿಸಿ, “ಕೆಲಸ ನಡೆದೇ ಇದೆ, ಮುಷ್ಕರ ಎಲ್ಲಿದೆ?” ಎಂದು ಹಿಂದಿಯಲ್ಲಿ ಕೇಳಿದ.

“ಅಕ್ಕಾ, ಕಸಬರಿಗಿ ಮುಟ್ಟಬ್ಯಾಡಂತ ಹೇಳಿದ್ನಲ್ಲ,” ಎಂದು ಯೂನಿಯನ್‌ನ ಶ್ರೀಶೈಲ ಹಣೆ ಬಡಿದುಕೊಂಡ.

ಫಕೀರವ್ವ ಹೊರಗೆ ಹೋಗಿ ಅದೇ ಚೀಲ ತಂದು, ಅಧಿಕಾರಿಯ ಮೇಜಿನ ಮುಂದೆ ಸುರಿದಳು.

“ಈಗ ಫೋಟೋ ತಗೀರಿ ಸಾಹೇಬ್ರ, ಕೆಲಸ ನಿಂತೈತಿ.”