ಖಾಲಿ ಕೊಡ

ಚಿನ್ನೂ, ಪುಟ್ಟೀ,

ರಾಯಚೂರಿನ ದವಾಖಾನೆಯಲ್ಲಿ ನಿಮ್ಮಜ್ಜನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದಾಗ ನೀವಿನ್ನೂ ಹುಟ್ಟಿರಲಿಲ್ಲ. ಸಕ್ಕರೆ ಕಾಯಿಲೆ. ಮುಂದಿನ ಬೇಸಿಗೆಗೆ ಅವರೂ ಹೋದರು. ಅದಕ್ಕೇ, ಹೋದ ವರ್ಷ ಅದೇ ದವಾಖಾನೆಯ ಡಾಕ್ಟರಮ್ಮ ನನ್ನ ರಕ್ತದ ಚೀಟಿ ನೋಡಿದಾಗ ನಾನು ನನ್ನ ಪಾದಗಳನ್ನು ನೋಡಿಕೊಂಡೆ.

"ಯವ್ವಾ, ಸಕ್ಕರಿ ಇನ್ನೂ ಒಳಗ ಬಂದಿಲ್ಲ, ಹೊಸ್ತಿಲ ಮ್ಯಾಗ ನಿಂತದ. ಅನ್ನ ಕಮ್ಮಿ ಮಾಡ್ರಿ, ಪಲ್ಯ ಜಾಸ್ತಿ ತಿನ್ರಿ. ಚಾಕ್ಕ ಸಕ್ಕರಿ ಬ್ಯಾಡ. ದಿನಾ ಮುಂಜಾನಿ ಜೋರಾಗಿ ನಡೀರಿ."

ಊಟ ಕಡಿಮೆ ಮಾಡುವುದು ಕಷ್ಟವಾಗಲಿಲ್ಲ. ವಿಧವೆಯ ತಟ್ಟೆಗೆ ಕಡಿಮೆ ಬಿದ್ದರೆ ಯಾರೂ ಕೇಳುವುದಿಲ್ಲ. ಕಷ್ಟವಾದದ್ದು ನಡಿಗೆ. ನಮ್ಮ ಕಲ್ಲೂರಿನಲ್ಲಿ ಗಂಡ ಸತ್ತವಳು ಬೆಳಗಾಗೆದ್ದು ಬರಿಗೈಯಲ್ಲಿ ಹೊರಟರೆ ಎಲ್ಲಿಗೆ ಎಂದು ಕೇಳುತ್ತಾರೆ, ಯಾರ ಹತ್ತಿರ ಎಂದೂ ಕೇಳುತ್ತಾರೆ. ಉತ್ತರ ಕೊಡುವ ಬಾಯಿ ನನಗಿಲ್ಲ. ಸೊಂಟದ ಮೇಲೆ ಕೊಡ ಇಟ್ಟುಕೊಂಡೆ. ನೀರಿಗೆ ಹೋಗುವವಳನ್ನು ಯಾರು ತಡೆಯುತ್ತಾರೆ?

ಒಂದು ಮುಂಜಾನೆ ಬಾಗಿಲು ದಾಟಿದರೆ ಅಂಗಳದ ಮುಂದೆ ಜೀಪು. ಅದೇ ಅಂಗಳದ ಆಚೆ ಬದಿಯಲ್ಲಿರುವ ನನ್ನ ಮೈದುನನ ಹೆಂಡತಿ ಮಗನಿಗೆ ಕನ್ಯೆ ನೋಡಲು ಮನೆಯವರೊಂದಿಗೆ ದೇವದುರ್ಗಕ್ಕೆ ಹೊರಟಿದ್ದಳು. ಎದುರಿಗೆ ವಿಧವೆ, ಸೊಂಟದಲ್ಲಿ ಖಾಲಿ ಕೊಡ. ಎಲ್ಲರೂ ಇಳಿದರು, ಕಾಲು ತೊಳೆದುಕೊಂಡರು, ಒಂದು ಗಳಿಗೆ ಕೂತು ಮತ್ತೆ ಹೊರಟರು. ಹುಡುಗಿ ಮನೆಯವರು ಒಲ್ಲೆ ಅಂದರು.

ಸಂಜೆ ಅವಳು ಓಣಿಗೆಲ್ಲ ಕೇಳುವಂತೆ ಅಂಗಳದಲ್ಲಿ ನಿಂತಳು.

"ಗಂಡನ ಕಾಲು ತಿಂದಿ. ಗಂಡನ್ನ ತಿಂದಿ. ಈಗ ನನ್ನ ಮಗನ ಲಗ್ನಾನೂ ತಿಂದಿ. ಇಷ್ಟು ತಿಂದಾಕಿಗೆ ಸಕ್ಕರಿ ಬರದ ಮತ್ತೇನು ಬರ್ತದ?"

ಓಣಿ ನಕ್ಕಿತು. ನಾನು ತಲೆ ಎತ್ತದೆ ಮೆಂತ್ಯೆ ಸೊಪ್ಪು ಬಿಡಿಸಿದೆ.

ನಡಿಗೆ ನಿಲ್ಲಿಸಿದೆ. ಮುಂದಿನ ಸಲ ರಾಯಚೂರಿಗೆ ಹೋದಾಗ ಸಕ್ಕರೆ ಏರಿತ್ತು. "ನಡೀಲಿಲ್ಲೇನ್ರಿ ಯವ್ವಾ?" ಎಂದು ಡಾಕ್ಟರಮ್ಮ ಕೇಳಿದರು.

ಮರುದಿನ ಕೊಡವಿಲ್ಲದೆ ಹೊರಟೆ. ಚಹಾದಂಗಡಿಯ ಕಟ್ಟೆಯಿಂದ ಒಬ್ಬ ಕೂಗಿದ: "ಲೇ, ಮುದುಕಿ ಯಮಗ ಸಿಗಬಾರ್ದಂತ ಓಡಾಕತ್ತಾಳ ನೋಡ್ಲೇ!"

"ಯಮಗೂ ಇಕಿ ಬ್ಯಾಡಲೇ, ಸಕ್ಕರಿ ಬಿಟ್ಟು ಸಪ್ಪಗಾಗ್ಯಾಳ!" ಅಂದ ಇನ್ನೊಬ್ಬ.

ನಡೆದೆ.

ಆಮೇಲೆ ಮಾನ್ವಿಯಲ್ಲಿ ಕನ್ಯೆ ಗೊತ್ತಾಯಿತು. ನಿಶ್ಚಯಕ್ಕೆ ಹೊರಡುವ ದಿನ ಮೈದುನನ ಹೆಂಡತಿ ನನ್ನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು.

"ನಾವು ಬರೋತನಕ ಒಳಗ ಇರು. ನಡಿಯೋದಿದ್ರ ಅಲ್ಲೇ ನಡಿ."

ಜೀಪಿನ ಸದ್ದು ದೂರವಾಯಿತು. ಒಲೆಯಿಂದ ಮಂಚಕ್ಕೆ, ಮಂಚದಿಂದ ಒಲೆಗೆ ನಡೆದೆ. ತಲೆ ಸುತ್ತಿದರೆ ಗೋಡೆ ಹಿಡಿದು ನಿಂತೆ, ಮತ್ತೆ ನಡೆದೆ. ಹೊತ್ತು ಮುಳುಗಿದ ಮೇಲೆ ಚಿಲಕ ತೆಗೆದರು. ಯಾರೂ ಒಳಗೆ ಇಣುಕಲಿಲ್ಲ.

ಈಗ ಅವರ ಮನೆಗೆ ಸೊಸೆ ಬಂದಿದ್ದಾಳೆ. ನನ್ನ ಕಾಲಿಗೆ ಬೀಳಬಾರದೆಂದು ಅವಳಿಗೆ ಹೇಳಿಕೊಟ್ಟಿದ್ದಾರೆ. ಬೀಳದಿದ್ದರೆ ಬೇಡ. ಬೀಳುವುದಾದರೆ ಎರಡು ಕಾಲೂ ಇವೆ. ಸಕ್ಕರೆ ಇನ್ನೂ ಹೊಸ್ತಿಲಲ್ಲೇ ನಿಂತಿದೆ.

ಈ ಕಾಯಿಲೆ ರಕ್ತದಲ್ಲಿ ಇಳಿದು ಬರುತ್ತದಂತೆ. ಮಕ್ಕಳೇ, ಈ ಹಾಳೆಗಳನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಡಿ. ಜೋಳದ ಡಬ್ಬಿಯ ಪಕ್ಕ, ಇಲಿ ಮುಟ್ಟದ ಹಾಗೆ, ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ.